ಹವಾ ಖಾ ರಹೀ ಹೈ

2023ರ ಅಕ್ಟೋಬರ್ 30ರಿಂದ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ಇಲ್ಲಿ ಇಪ್ಪತ್ತು ವರ್ಷದ ಮಿತಿ. ಹಾಗಾಗಿ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಪತ್ರಿಕೆಗಳೆಲ್ಲ ಆ ವಾರ ಕಣ್ಣೀರು ಸುರಿಸಿದವು. ತಲೆಯ ಮೇಲಿನ ಕ್ಯಾರಿಯರ್, ಹೊರಗೆ ಕಿವಿ ಹಾಗೆ ನಿಂತಿದ್ದ ಮೀಟರ್, ಒಳಗಿನ ಹೂಬಳ್ಳಿಯ ಚಾವಣಿ, ಎಲ್ಲದರ ಬಗ್ಗೆಯೂ ಬರೆದರು. ನನಗೆ ಮಾತ್ರ ನೆನಪಾದದ್ದು ಒಂದು ವಾಕ್ಯ. ಕುರ್ಲಾದಿಂದ ಗ್ರಾಂಟ್ ರೋಡ್‌ವರೆಗೆ ಫುಟ್‌ಪಾತಿನ ಯಾವ ಮಿಸ್ತ್ರಿಯ ಮುಂದೆ ಗಡಗಡ ನಡುಗುವ ಫಿಯೆಟ್ ತಂದು ನಿಲ್ಲಿಸಿದರೂ, ಆತ ಬಾನೆಟ್ ಎತ್ತಿ, ತಲೆ ವಾಲಿಸಿ ಒಂದು ಕ್ಷಣ ಕಿವಿಗೊಟ್ಟು ಹೇಳುತ್ತಿದ್ದ ಮಾತು: "ಹವಾ ಖಾ ರಹೀ ಹೈ, ಸಾಬ್." ಗಾಡಿ ಗಾಳಿ ತಿನ್ನುತ್ತಿದೆ!

ಇದಕ್ಕೆ ಪುಸ್ತಕದ ಹೆಸರು ವ್ಯಾಕ್ಯೂಮ್ ಲೀಕ್. ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ನಮ್ಮ ಭಾಷೆಯಲ್ಲಿ ಸೋರುವುದು ಎಂದರೆ ಒಳಗಿದ್ದದ್ದು ಹೊರಗೆ ಬರುವುದು. ಇಲ್ಲಿ ಹೊರಗಿದ್ದದ್ದು ಒಳಗೆ ನುಗ್ಗುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳುವುದಿಲ್ಲ, ಕಲೆ ಇಲ್ಲ, ವಾಸನೆ ಇಲ್ಲ. ಎಣ್ಣೆ ಸೋರಿದರೆ, ನೀರು ಸೋರಿದರೆ ಮಗುವೂ ತೋರಿಸುತ್ತದೆ. ಗಾಳಿ ಸೋರಿದರೆ ಹುಡುಕಬೇಕು. ಆ ಹುಡುಕಾಟಕ್ಕೂ ಒಂದು ಇತಿಹಾಸವಿದೆ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿತ್ತು. ಅದನ್ನೇ ಇವತ್ತು ಬರೆಯೋಣ ಅಂತ ಕೂತೆ.

ಬಿಕಾಂ ಓದಿದವನಿಗೆ ಎಂಜಿನ್ ಅರ್ಥವಾಗುವುದೂ ಲೆಕ್ಕದ ಪುಸ್ತಕದ ಮೂಲಕವೇ. ಕಾರ್ಬೊರೇಟರನ್ನು ಒಬ್ಬ ಕ್ಯಾಶಿಯರ್ ಅಂದುಕೊಳ್ಳಿ. ತನ್ನ ಕೌಂಟರಿನ ಮುಂದೆ ಎಷ್ಟು ಗಾಳಿ ಹಾದುಹೋಗುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಎಣಿಸಿ ಕೊಡುವುದು ಅವನ ಕೆಲಸ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಒಂಬತ್ತು ಸಾವಿರ ಲೀಟರಿನಷ್ಟು ಗಾಳಿ. ಈಗ ಯಾವುದೋ ಸಂದಿಯಿಂದ, ಕೌಂಟರಿಗೆ ಬಾರದೆ, ಹಿಂಬಾಗಿಲಿನಿಂದ ಗಾಳಿ ಒಳಗೆ ಬಂದರೆ? ಕ್ಯಾಶಿಯರಿಗೆ ಅದು ಗೊತ್ತೇ ಇಲ್ಲ, ಅವನು ಪೆಟ್ರೋಲ್ ಕೊಡುವುದಿಲ್ಲ. ಒಳಗೆ ಮಿಶ್ರಣ ತೆಳ್ಳಗಾಗುತ್ತದೆ, ಕಿಡಿ ಹೊಡೆದರೂ ಒಮ್ಮೊಮ್ಮೆ ಹತ್ತಿಕೊಳ್ಳುವುದಿಲ್ಲ. ಎಂಜಿನ್ 'ಮಿಸ್ಸಿಂಗ್' ಹೊಡೆಯುತ್ತದೆ, ಸಿಗ್ನಲ್ಲಿನಲ್ಲಿ ಸಾಯುತ್ತದೆ. ಟ್ರಯಲ್ ಬ್ಯಾಲೆನ್ಸ್ ಹೊಂದದೆ ರಾತ್ರಿ ಹತ್ತರವರೆಗೆ ಬ್ಯಾಂಕಿನಲ್ಲಿ ಕೂತವರಿಗೆ ಇದರ ಸಂಕಟ ಬೇರೆ ಹೇಳಬೇಕಿಲ್ಲ. ವ್ಯತ್ಯಾಸ ಇದೆ ಅಂತ ಗೊತ್ತು, ಎಲ್ಲಿದೆ ಅಂತ ಗೊತ್ತಿಲ್ಲ.

ಎಂಜಿನ್ ಗಾಳಿಯನ್ನು ಹೀರುತ್ತದೆ ಅಂತ ನಾವು ಹೇಳುತ್ತೇವಾದರೂ, ಅದು ಹೊರಗಿನ ವಾತಾವರಣ ಒಳಕ್ಕೆ ತಳ್ಳುವುದು. ಇದನ್ನು ಮನುಷ್ಯ ತಿಳಿದುಕೊಂಡದ್ದು 1640ರ ದಶಕದಲ್ಲಿ, ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆ ತಲೆಕೆಳಗು ಮಾಡಿದಾಗ. ಮುಂದಿನ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಒಟ್ಟೊ ಫಾನ್ ಗೆರಿಕೆ ಎರಡು ತಾಮ್ರದ ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ ಕಥೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ಗೋಳಗಳ ನಡುವೆ ಗಾಳಿ ನುಗ್ಗದಂತೆ ಮೇಣ ಮತ್ತು ಎಣ್ಣೆಯಲ್ಲಿ ನೆನೆಸಿದ ಚರ್ಮದ ಬಳೆ ಇತ್ತು ಅನ್ನುವುದನ್ನು ಮೇಷ್ಟ್ರು ಹೇಳಿರಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದದ್ದು ಅದೇ. ನಮ್ಮ ಮಿಸ್ತ್ರಿಗಳು 'ಪ್ಯಾಕಿಂಗ್' ಅನ್ನುವುದು ಅದನ್ನೇ.

ಆಟೊ ಎಂಜಿನ್ನಿಗೆ ಬಂದರೆ, ಒಟ್ಟೊನ ನಾಲ್ಕು ಹೊಡೆತದ ಎಂಜಿನ್ 1876ರದ್ದು. ಅದಕ್ಕೆ ಪೆಟ್ರೋಲ್ ಉಣಿಸುವುದು ದೊಡ್ಡ ತಲೆನೋವಾಗಿತ್ತು. 1893ರಲ್ಲಿ ವಿಲ್‌ಹೆಲ್ಮ್ ಮೇಬ್ಯಾಕ್ ಸಣ್ಣ ಜೆಟ್ಟಿನಿಂದ ಪೆಟ್ರೋಲ್ ಚಿಮ್ಮುವ ಕಾರ್ಬೊರೇಟರ್ ಮಾಡಿದ. ಎಂಜಿನ್ನಿನ ಸೆಳೆತವೇ ಪೆಟ್ರೋಲನ್ನು ಮೇಲೆಳೆಯುತ್ತದೆ, ಬೇರೆ ಪಂಪು ಬೇಡ. ಪುಕ್ಕಟೆ ಸಿಕ್ಕ ಸೆಳೆತ! ಪುಕ್ಕಟೆ ಸಿಕ್ಕಿದ್ದನ್ನು ಮನುಷ್ಯ ಬಿಡುತ್ತಾನೆಯೆ? ಮುಂದಿನ ಎಂಬತ್ತು ವರ್ಷದ ಕಥೆ ಅದೇ.

ಮೊದಲು ಪೆಟ್ರೋಲ್ ಟ್ಯಾಂಕಿನ ವಿಷಯ. ಫೋರ್ಡ್ ಮಾಡೆಲ್ ಟಿಯಲ್ಲಿ ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಕಾರ್ಬೊರೇಟರಿಗೆ ಬರಬೇಕಿತ್ತು. ಕಡಿದಾದ ಏರು ಬಂದು, ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ, ಜನ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು. ಈ ಫಜೀತಿಗೆ ಉತ್ತರವಾಗಿ ಬೇರೆ ಗಾಡಿಗಳಲ್ಲಿ ಬಂದದ್ದು ವ್ಯಾಕ್ಯೂಮ್ ಟ್ಯಾಂಕ್: ಎಂಜಿನ್ನಿನ ಸೆಳೆತದಿಂದ ಹಿಂದಿನ ಟ್ಯಾಂಕಿನ ಪೆಟ್ರೋಲನ್ನು ಮುಂದಕ್ಕೆ ಎಳೆದುಕೊಳ್ಳುವ ಡಬ್ಬಿ. ಆಮೇಲೆ 1920ರ ದಶಕದಲ್ಲಿ ಮಳೆಯ ವೈಪರ್. ಅದೂ ಸೆಳೆತದಿಂದಲೇ. ಆದರೆ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಸೆಳೆತ ಇಳಿಯುತ್ತದೆ. ಜಡಿಮಳೆಯಲ್ಲಿ ಘಾಟಿ ಹತ್ತುವಾಗ, ಬೇಕಾದ ಹೊತ್ತಿಗೇ, ವೈಪರ್ ಗಕ್ಕನೆ ನಿಲ್ಲುತ್ತಿತ್ತು. ಆದರೂ ಅಮೆರಿಕದಲ್ಲಿ ಅದು 1970ರ ದಶಕದ ಆರಂಭದವರೆಗೂ ಉಳಿಯಿತು. ಅದೇ 1920ರ ದಶಕದಲ್ಲಿ ಬೆಲ್ಜಿಯಮ್ಮಿನ ಆಲ್ಬರ್ಟ್ ಡೆವಾಂಡ್ರ್ ಬ್ರೇಕಿಗೆ ಸೆಳೆತದ ನೆರವು ಕೊಟ್ಟ. ನಂತರ 'ಡೆಲ್ಕೊ'ದಲ್ಲಿ (ಡಿಸ್ಟ್ರಿಬ್ಯೂಟರಿಗೆ ನಮ್ಮ ಮಿಸ್ತ್ರಿಗಳು ಇಟ್ಟ ಹೆಸರು, ಅಮೆರಿಕದ ಒಂದು ಕಂಪನಿಯಿಂದ ಬಂದದ್ದು) ಕಿಡಿಯ ಸಮಯ ಹಿಂದೆಮುಂದೆ ಮಾಡಲು ಒಂದು ರಬ್ಬರ್ ಪರದೆಯ ಡಬ್ಬಿ. ಒಂದೊಂದು ಕೆಲಸಕ್ಕೂ ಒಂದೊಂದು ತೂತು, ಒಂದೊಂದು ರಬ್ಬರ್ ಪೈಪು. ಒಂದೊಂದು ಪೈಪೂ ಮುಂದೊಂದು ದಿನದ ಆರೋಪಿ.

ಇಲ್ಲಿ ರೈಲಿನ ಮಾತು ಹೇಳದೆ ಮುಂದೆ ಹೋಗಲಾರೆ. ಮುಂಬಯಿಯಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದು, ಮೀರಜದಲ್ಲಿ ಇಳಿದು, ಹೋಲ್ಡಾಲು ಟ್ರಂಕು ಹೊತ್ತು ಮೀಟರ್ ಗೇಜ್ ಗಾಡಿ ಹತ್ತಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ಒಂದೇ ಕೊಳವೆ, ಒಳಗೆ ನಿರ್ವಾತ. ನಿರ್ವಾತ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ. ಗಾಳಿ ನುಗ್ಗಿದರೆ ಬ್ರೇಕ್ ಹಿಡಿಯುತ್ತದೆ. ನಾವು ಸರಪಳಿ ಎಳೆಯುತ್ತಿದ್ದೆವಲ್ಲ, ಅದು ಬೇಕೆಂದೇ ಮಾಡಿದ ವ್ಯಾಕ್ಯೂಮ್ ಲೀಕ್. ಗಾರ್ಡು ಡಬ್ಬಿಯಿಂದ ಡಬ್ಬಿಗೆ ನೋಡುತ್ತ ಬರುತ್ತಿದ್ದದ್ದು ಆ ಗಾಳಿ ನುಗ್ಗಿದ ಬಾಯಿಯನ್ನು ಹುಡುಕಿಕೊಂಡು. ಕೊಳವೆ ಹರಿದರೂ ರೈಲು ತಾನೇ ನಿಲ್ಲುತ್ತದೆ. ಕಾರಿನಲ್ಲಿ ಇದು ಉಲ್ಟಾ. ಬ್ರೇಕಿಗೆ ಹೋಗುವ ಪೈಪ್ ಹರಿದರೆ ಸೆಳೆತದ ನೆರವು ಹೋಗುತ್ತದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಎರಡು ಕಾಲಿನಿಂದ ಒತ್ತಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ಇಂಥ ಗಾಡಿಯಲ್ಲಿ ಐಡ್ಲಿಂಗ್ ಕೆಟ್ಟರೆ ಅದನ್ನು ಬರೀ ಮೈಲೇಜಿನ ತೊಂದರೆ ಅಂತ ಬಿಡುವಂತಿಲ್ಲ.

ಅಮೆರಿಕದಲ್ಲಿ 1960ರ ದಶಕದಿಂದ ಹೊಗೆಯ ಕಾನೂನುಗಳು ಬಿಗಿಯಾದವು. ಎಂಜಿನ್ನಿನ ಹೊಟ್ಟೆಯ ಹಬೆಯನ್ನು ಮತ್ತೆ ಒಳಗೆಳೆಯಲು ಒಂದು ಪೈಪು, ಸೈಲೆನ್ಸರಿನ ಹೊಗೆಯ ಒಂದಂಶ ವಾಪಸ್ ಕೊಡಲು ಇನ್ನೊಂದು, ಆ ಕವಾಟ ತೆರೆಯಲು ಮತ್ತೊಂದು. 1970ರ ದಶಕದ ಕೊನೆಗೆ ಅಲ್ಲಿಯ ಕಾರುಗಳ ಬಾನೆಟ್ ಎತ್ತಿದರೆ ಶ್ಯಾವಿಗೆ ತಟ್ಟೆ. ಯಾವ ಪೈಪು ಎಲ್ಲಿಗೆ ಅಂತ ಬಾನೆಟ್ಟಿನ ಒಳಗೆ ನಕ್ಷೆಯ ಚೀಟಿ ಅಂಟಿಸಿ ಕೊಡಬೇಕಾಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ಏಕೆಂದರೆ ನಮ್ಮಲ್ಲಿ ಕಾರು ಬದಲಾಗಲೇ ಇಲ್ಲ! ಈ ಕಾರಿನ ಹುಟ್ಟಿಗೆ ನಮ್ಮ ಕಡೆಯ ಒಂದು ಎಳೆಯೂ ಇದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಬಂದು ಮುಂಬಯಿಯಲ್ಲಿ ಒಂದು ಮೋಟಾರು ಕಾರ್ಖಾನೆಯ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ, ಮುಂದೆ ಕುರ್ಲಾದಲ್ಲಿ ಕಾರ್ಖಾನೆಯಾಯಿತು. ಫಿಯೆಟ್ 1100 ಡಿಲೈಟ್ ಬಂದದ್ದು 1964ರಲ್ಲಿ. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಇಟಲಿಯಲ್ಲಿ 1969ರಲ್ಲೇ ನಿಂತ 1100ರ ಸಂತಾನ ಇಲ್ಲಿ ಹೆಚ್ಚುಕಮ್ಮಿ 2000ದವರೆಗೂ ತಯಾರಾಗುತ್ತಿತ್ತು. ಅದೇ 1089 ಸಿಸಿ ಎಂಜಿನ್, ಅದೇ ಸೋಲೆಕ್ಸ್ ಮಾದರಿಯ ಕಾರ್ಬೊರೇಟರ್.

ಲೈಸೆನ್ಸ್ ರಾಜ್ಯವನ್ನು ಬೈಯುವುದು ಸುಲಭ, ಬೈಯಲೇಬೇಕು ಕೂಡ. ಬುಕ್ ಮಾಡಿ ವರ್ಷಗಟ್ಟಲೆ ಕಾದವರ ಕಥೆ ನಮ್ಮ ಬ್ಯಾಂಕಿನ ಹಿರಿಯರಿಂದ ಬೇಕಾದಷ್ಟು ಕೇಳಿದ್ದೇನೆ. ಆದರೆ ಮೂವತ್ತಾರು ವರ್ಷ ಒಂದೇ ಎಂಜಿನ್ ಒಂದೇ ಊರಿನಲ್ಲಿ ಓಡಿದರೆ ಇನ್ನೊಂದು ಪರಿಣಾಮವೂ ಆಗುತ್ತದೆ. ಒಬ್ಬ ಮಿಸ್ತ್ರಿಯ ಜೀವಮಾನದಲ್ಲಿ ಅದೇ ಎಂಜಿನ್ ಸಾವಿರಾರು ಬಾರಿ ಕೈಗೆ ಸಿಗುತ್ತದೆ. ಗಾಳಿ ಕದಿಯಬಹುದಾದ ಜಾಗಗಳು ಅವನಿಗೆ ಬಾಯಿಪಾಠ. ಕಾರ್ಬೊರೇಟರಿನ ಬುಡದ ಪ್ಯಾಕಿಂಗ್, ಮ್ಯಾನಿಫೋಲ್ಡ್ ಕೂಡುವ ಕಡೆ, ಸವೆದು ಅಲುಗಾಡುವ ಥ್ರಾಟಲ್ ಸರಳು. ಅಮೆರಿಕದ ನಕ್ಷೆಯ ಚೀಟಿ ಇವನ ತಲೆಯಲ್ಲೇ ಇತ್ತು.

ಹುಡುಕುವ ಕ್ರಮವನ್ನು ನಾನು ಹತ್ತಿರದಿಂದ ನೋಡಿದ್ದು 2008ರಲ್ಲಿ. ನಮ್ಮ ಸೊಸೈಟಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದರು, ಎಲ್ಲರಿಗೂ ರಾಯರು. ಅವರ ಪದ್ಮಿನಿ ಪಿಯುಸಿ ಪರೀಕ್ಷೆಯಲ್ಲಿ ಫೇಲಾಗಿತ್ತು. ಸಿಗ್ನಲ್ಲಿಗೊಮ್ಮೆ ಬಂದ್ ಬೀಳುತ್ತಿತ್ತು. ಎರಡು ಗ್ಯಾರೇಜಿನವರು ಎಂಜಿನ್ ಇಳಿಸಬೇಕು, ಪಿಸ್ಟನ್ ರಿಂಗ್ ಹೋಗಿದೆ ಅಂದಿದ್ದರು. "ಗಾಡಿ ಕಿಮ್ಮತ್ತಿಗಿಂತ ಖರ್ಚs ಜಾಸ್ತಿ ಆಗತೈತಿ ನೋಡ್ರಿ. ಭಂಗಾರಕ್ಕ ಹಾಕಿಬಿಡೂದು ಚಲೋ," ಅಂದರು ರಾಯರು. (ಮುಂಬಯಿಯ ಭಂಗಾರ ಅಂದರೆ ಗುಜರಿ, ನಮ್ಮ ಬಂಗಾರ ಅಲ್ಲ. ಒಂದು ಮಹಾಪ್ರಾಣಕ್ಕೆ ಎಷ್ಟು ಬೆಲೆ ನೋಡಿ!) ಅವರ ಮನೆಯಾಕೆಗೆ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಿತ್ತು. ಎರಡನೆಯ ಗಾಡಿ ಕೊಳ್ಳುವ ಪೆನ್ಷನ್ ಅವರದಲ್ಲ. ಅದಕ್ಕೇ ಒಂದು ಭಾನುವಾರ ಅವರ ಜತೆ ಕುರ್ಲಾದ ಸಿಎಸ್‌ಟಿ ರಸ್ತೆಯ ಕಡೆ ಹೋದೆ. ಒಬ್ಬ ವಯಸ್ಸಾದ ಮಿಸ್ತ್ರಿ, ಎಲ್ಲರೂ ಚಾಚಾ ಅನ್ನುತ್ತಿದ್ದರು.

ಚಾಚಾ ಮೊದಲು ಪಿಯುಸಿ ಚೀಟಿ ಕೇಳಿದ. ಅದರಲ್ಲಿ ಒಂದು ತಮಾಷೆ ಇತ್ತು. ಕಾರ್ಬನ್ ಮಾನಾಕ್ಸೈಡ್ ಮಿತಿಗಿಂತ ಎಷ್ಟೋ ಕಮ್ಮಿ. ಫೇಲಾದದ್ದು ಹೈಡ್ರೊಕಾರ್ಬನ್‌ನಲ್ಲಿ. ಹಳೆಯ ನಿಯಮದಲ್ಲಿ ಪೆಟ್ರೋಲ್ ಕಾರಿಗೆ ನೋಡುತ್ತಿದ್ದದ್ದು ಕಾರ್ಬನ್ ಮಾನಾಕ್ಸೈಡ್ ಒಂದೇ, ಶೇಕಡಾ 3. ಗಾಳಿ ಕದಿಯುವ ಎಂಜಿನ್ನಿನಲ್ಲಿ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಹಾಗಾಗಿ ಮಾನಾಕ್ಸೈಡ್ ಇಳಿಯುತ್ತದೆ, ಕೆಟ್ಟ ಗಾಡಿ ಸಲೀಸಾಗಿ ಪಾಸಾಗುತ್ತಿತ್ತು! 2004ರ ಅಕ್ಟೋಬರಿನಿಂದ ಹೈಡ್ರೊಕಾರ್ಬನ್ನಿಗೂ ಮಿತಿ ಬಂತು, ಹಳೆಯ ಕಾರುಗಳಿಗೆ 1500 ಪಿಪಿಎಂ. ಹತ್ತಿಕೊಳ್ಳದೆ ಹಾಗೇ ಹೊರಬರುವ ಪೆಟ್ರೋಲ್ ಅದರಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಕಾಲಮ್ಮಿನ ಆಡಿಟ್ಟಿಗೂ ಎರಡು ಕಾಲಮ್ಮಿನ ಆಡಿಟ್ಟಿಗೂ ಇರುವ ಅಂತರ ಇದು. ಚಾಚಾ ಚೀಟಿ ಮಡಚಿ ವಾಪಸ್ ಕೊಟ್ಟು ಅದೇ ವಾಕ್ಯ ಹೇಳಿದ: "ಹವಾ ಖಾ ರಹೀ ಹೈ."

ಆಮೇಲೆ ಎಂಜಿನ್ ಚಾಲೂ ಮಾಡಿಸಿ, ಬಿಸಿಯಾಗುವವರೆಗೆ ಬೀಡಿ ಸೇದಿದ. ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಎಳೆಯಲು ರಾಯರಿಗೆ ಹೇಳಿದ. ಗಡಗಡ ನಿಂತು ಎಂಜಿನ್ ನಯವಾಯಿತು. ಸರಿಯಿರುವ ಬಿಸಿ ಎಂಜಿನ್ನಿಗೆ ಚೋಕ್ ಎಳೆದರೆ ಪೆಟ್ರೋಲ್ ಹೆಚ್ಚಾಗಿ ಉಸಿರುಗಟ್ಟಬೇಕು. ಇದು ಸುಧಾರಿಸಿತು ಅಂದರೆ ಪೆಟ್ರೋಲಿಗೆ ಹಸಿದಿದೆ ಅಂತ ಅರ್ಥ. ನಂತರ ರೇಸ್ ಮಾಡಿಸಿದ. ವೇಗದಲ್ಲಿ ತೊಂದರೆಯೇ ಇಲ್ಲ. ಮನೆಗೆ ಬಂದು ನಾನು ಲೆಕ್ಕ ಹಾಕಿ ನೋಡಿದೆ. ಈ ಎಂಜಿನ್ ಐಡ್ಲಿಂಗಿನಲ್ಲಿ ಉಸಿರಾಡುವುದು ನಿಮಿಷಕ್ಕೆ ಹೆಚ್ಚೆಂದರೆ ನೂರೈವತ್ತು ಲೀಟರ್ ಗಾಳಿ, ಜೋರಾಗಿ ಓಡುವಾಗ ಅದರ ಹತ್ತು ಪಟ್ಟು. ಸಣ್ಣ ಸಂದಿಯ ಕಳ್ಳತನ ಚಿಕ್ಕ ಅಂಗಡಿಯನ್ನು ಮುಳುಗಿಸುತ್ತದೆ, ದೊಡ್ಡ ಅಂಗಡಿಯಲ್ಲಿ ಕಾಣುವುದೇ ಇಲ್ಲ.

ಮೂರನೆಯದು ಅಂಗೈ ಪರೀಕ್ಷೆ. ಏರ್ ಫಿಲ್ಟರ್ ಬಿಚ್ಚಿ ಕಾರ್ಬೊರೇಟರಿನ ಬಾಯಿಗೆ ಅಂಗೈ ಒತ್ತಿದ. ಮುಂಬಾಗಿಲು ಮುಚ್ಚಿದರೆ ಎಂಜಿನ್ ಕೂಡಲೇ ಸಾಯಬೇಕು. ಸಾಯಲಿಲ್ಲ, ಕುಂಟುತ್ತ ಇನ್ನಷ್ಟು ಹೊತ್ತು ತಿರುಗಿತು. ಹಿಂಬಾಗಿಲು ಇದೆ ಅಂತ ಖಾತ್ರಿ. ಎಲ್ಲಿ? ಮೊಳದುದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಂದೊಂದೇ ಸಂದಿಯ ಹತ್ತಿರ ಒಯ್ದ, ಡಾಕ್ಟರ ಹಾಗೆ. ನನ್ನ ಕಿವಿಗೂ ಕೊಟ್ಟ. ಫ್ಯಾನಿನ ಗಲಾಟೆಯ ನಡುವೆ ಒಂದು ಕಡೆ ಮಾತ್ರ ಹಾವು ಬುಸುಗುಟ್ಟಿದಂತೆ 'ಸ್ಸ್ಸ್' ಅನ್ನುವ ಸದ್ದು. ಕೊನೆಗೆ ಎಣ್ಣೆ ಕುಪ್ಪಿಯಿಂದ ಆ ಜಾಗಕ್ಕೆ, ಕಾರ್ಬೊರೇಟರ್ ಬುಡದ ಒಂದು ಮೂಲೆಗೆ, ಎರಡು ತೊಟ್ಟು ಬಿಟ್ಟ. ಎಣ್ಣೆ ಒಳಕ್ಕೆ ಎಳೆದುಕೊಂಡಿತು, ಸಂದಿ ಗಳಿಗೆ ಹೊತ್ತು ಮುಚ್ಚಿತು, ಎಂಜಿನ್ ನೆಟ್ಟಗಾಯಿತು, ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಎಳೆ ಬಂತು. ಕೆಲವರು ಎಣ್ಣೆಯ ಬದಲು ಪೆಟ್ರೋಲ್ ಚಿಮುಕಿಸುತ್ತಾರೆ. ಬೇಡ. ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಬೆಂಕಿ ಹತ್ತೀತು.

ಬಿಚ್ಚಿ ನೋಡಿದರೆ, ವರ್ಷಾನುಗಟ್ಟಲೆ ನಟ್ಟು ಬಿಗಿದು ಬಿಗಿದು ಕಾರ್ಬೊರೇಟರಿನ ಬುಡ ಕಿವಿಯ ಹತ್ತಿರ ಬಾಗಿತ್ತು. ಗಾಳಿ ತಿನ್ನುತ್ತದೆ ಅಂತ ಗೊತ್ತಾದವರೆಲ್ಲ ಮಾಡುವ ಮೊದಲ ಕೆಲಸ ಇನ್ನಷ್ಟು ಬಿಗಿಯುವುದು, ಅದರಿಂದ ಬುಡ ಇನ್ನಷ್ಟು ಬಾಗುತ್ತದೆ. ಚಾಚಾ ಒಂದು ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಬುಡವನ್ನು ಎಂಟರ ಆಕಾರದಲ್ಲಿ ಅರ್ಧ ಗಂಟೆ ಉಜ್ಜಿ ಸಮ ಮಾಡಿದ. ಹೊಸ ಪ್ಯಾಕಿಂಗ್ ಹಾಕಿದ. ಎಂಜಿನ್ ಇಳಿಸಲಿಲ್ಲ, ರಿಂಗ್ ಬದಲಿಸಲಿಲ್ಲ. ರಾಯರು ಕೊಟ್ಟ ದುಡ್ಡಿನಲ್ಲಿ ನಾವು ಮೂವರೂ ಊಟ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಪಿಯುಸಿ ಅದೇ ದಿನ ಪಾಸಾಯಿತು. ಆ ಗಾಡಿ ಮುಂದೆ ಆರು ವರ್ಷ ಆಸ್ಪತ್ರೆಗೆ ಓಡಿತು.

ಇದನ್ನೆಲ್ಲ ಒಂದು ಗೇಜಿನಲ್ಲೂ ನೋಡಬಹುದು. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಜೋಡಿಸಿದರೆ, ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ, ಟೊರಿಚೆಲ್ಲಿಯದೇ ಅಳತೆ. ಮುಳ್ಳು ಕೆಳಗೆ ಸ್ಥಿರವಾಗಿ ನಿಂತರೆ ಗಾಳಿ ಕಳವು, ಅಥವಾ ಟೈಮಿಂಗ್ ಹಿಂದೆ ಬಿದ್ದಿದೆ. ತಾಳಬದ್ಧವಾಗಿ ಹೊಡೆದುಕೊಂಡರೆ ವಾಲ್ವಿನ ದೋಷ. ಮುಂಬಯಿಯಿಂದ ಊರಿಗೆ ಕಾರು ಒಯ್ಯುವವರಿಗೆ ಒಂದು ಸೂಚನೆ: ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಮ್ಮಿಯಾಗುತ್ತದೆ. ಮೂರು ಸಾವಿರ ಅಡಿಯ ಬೆಂಗಳೂರಿನಲ್ಲಿ ಅದೇ ಕಾರು ಮೂರು ಇಂಚು ಕಮ್ಮಿ ತೋರಿಸಿದರೆ ಯಾರ ಮಾತೂ ಕೇಳಿ ಎಂಜಿನ್ ಬಿಚ್ಚಿಸಬೇಡಿ.

2000ದ ಆಚೀಚೆ, ಹೈಕೋರ್ಟಿನ ಆದೇಶದ ನಂತರ, ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. ಕಾರ್ಬೊರೇಟರಿನ ಬಾಯಿಗೆ ಒಂದು ಮಿಕ್ಸರ್ ಬಂತು, ಆದರೆ ಗ್ಯಾಸನ್ನು ಎಳೆಯುತ್ತಿದ್ದದ್ದು ಅದೇ ಸೆಳೆತ. ಹಾಗಾಗಿ ಚಾಚಾನಂಥವರಿಗೆ ಇನ್ನೆರಡು ದಶಕ ಕೆಲಸ ಸಿಕ್ಕಿತು. ಅಷ್ಟರಲ್ಲಿ ಮಾರುತಿ 800ಕ್ಕೂ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂದಿತ್ತು. ಇವುಗಳಲ್ಲಿ ಗಾಳಿ ಕಳವಾದರೆ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಅದನ್ನು ಪತ್ತೆಹಚ್ಚಿ, ಕಂಪ್ಯೂಟರು ಸದ್ದಿಲ್ಲದೆ ಪೆಟ್ರೋಲ್ ಜಾಸ್ತಿ ಮಾಡುತ್ತದೆ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಬ್ಯಾಲೆನ್ಸ್ ಶೀಟ್ ಹೊಂದಿಸಿದ ಹಾಗೆ. ಮಿತಿ ಮೀರಿದಾಗ ಮಾತ್ರ ದೀಪ ಹತ್ತುತ್ತದೆ. ಸ್ಕ್ಯಾನರ್ ಹಚ್ಚಿದರೆ ಮಿಶ್ರಣ ತೆಳು ಅಂತ ಕೋಡ್ ತೋರಿಸುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಅದಕ್ಕೆ ಹೊಗೆಯ ಯಂತ್ರ: ಎಂಜಿನ್ ನಿಲ್ಲಿಸಿ ಒಳಕ್ಕೆ ಎಣ್ಣೆಹೊಗೆ ತುಂಬುತ್ತಾರೆ, ಅದು ಯಾವ ಸಂದಿಯಿಂದ ಹೊರಬರುತ್ತದೋ ಅದೇ ಕಳ್ಳದಾರಿ. ಒಳ್ಳೆಯ ಉಪಾಯ, ಫಳಾರನೆ ಕಣ್ಣಿಗೆ ಕಾಣುತ್ತದೆ. ಕಿವಿಯ ಕೆಲಸ ಕಣ್ಣಿಗೆ ಬಂತು.

ಟ್ಯಾಕ್ಸಿಗಳು ಹೋದವು, ಖಾಸಗಿ ಪದ್ಮಿನಿಗಳು ಇನ್ನೂ ಅಲ್ಲಲ್ಲಿ ಇವೆ. ನಿಮ್ಮಲ್ಲಿ ಯಾರದಾದರೂ ಮನೆಯಲ್ಲಿ ಒಂದಿದ್ದು, ಬುಡದ ಪ್ಯಾಕಿಂಗ್ ಸಿಗುತ್ತಿಲ್ಲವೆಂದರೆ, ಗ್ಯಾಸ್ಕೆಟ್ ಹಾಳೆ ತನ್ನಿ. ಕಾರ್ಬೊರೇಟರಿನ ಬುಡದ ಮೇಲೆ ಅದನ್ನಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನಗುಂಟ ಮೆಲ್ಲಗೆ ತಟ್ಟುತ್ತ ಹೋದರೆ ಆಕಾರ ತಾನೇ ಕತ್ತರಿಸಿಕೊಂಡು ಬರುತ್ತದೆ. ಬೋಲ್ಟಿನ ತೂತುಗಳನ್ನು ಮೊದಲು ಮಾಡಿಕೊಳ್ಳಿ, ಇಲ್ಲದಿದ್ದರೆ ಹಾಳೆ ಜಾರುತ್ತದೆ. ಕೂರಿಸುವ ಮುನ್ನ ಬುಡವನ್ನು ಗಾಜಿನ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.